ಹದಿಮೂರನೆಯ ನಂಬರಿನಿಂದ ಮುಂದೆ

ಕುಸುಮಾವತಿಯ ಮುಖ ನೋಡುವ ಮೊದಲೇ ಮೂರು ವರ್ಷ ಅವಳ ಜೊತೆ ಜಗಳವಾಡಿದ್ದೆ. ಅವಳು ಔರಂಗಾಬಾದ್ ಆಫೀಸಿನ ಟೆಲೆಕ್ಸ್ ಯಂತ್ರದ ಮುಂದೆ, ನಾನು ನಾಸಿಕ್ ಆಫೀಸಿನ ಟೆಲೆಕ್ಸ್ ಯಂತ್ರದ ಮುಂದೆ. ನಡುವೆ ನೂರಿಪ್ಪತ್ತು ಮೈಲಿ. ನಾನು ಇಲ್ಲಿ ಒತ್ತಿದ ಅಕ್ಷರ ಅಲ್ಲಿ ಕಾಗದದ ಮೇಲೆ ಬೀಳುತ್ತಿತ್ತು, ಅವಳು ಅಲ್ಲಿ ಒತ್ತಿದ್ದು ಇಲ್ಲಿ ಬೀಳುತ್ತಿತ್ತು. ಕಂಪನಿ ಔಷಧಿಯದು. ಹೆಡ್ ಆಫೀಸು ನಾಸಿಕ್‌ನ ಸಾತ್‌ಪುರದಲ್ಲಿ, ಗುಳಿಗೆ ಪ್ಯಾಕಿಂಗ್ ಮಾಡುವ ಹೊಸ ಕಾರ್ಖಾನೆ ಔರಂಗಾಬಾದಿನ ಚಿಕಲ್‌ಠಾಣಾದಲ್ಲಿ.

ಆ ಆಫೀಸಿಗೆ ಅವಳು ಬರುವ ಮೊದಲು ಒಬ್ಬ ಮುದುಕ ಇದ್ದ. ಕಳಿಸಿದ್ದನ್ನು ತೆಗೆದುಕೊಂಡು ‘ಬಂತು’ ಎನ್ನುತ್ತಿದ್ದ, ಮುಗಿಯಿತು. ಇವಳು ಬಂದ ಮೊದಲ ದಿನವೇ ಅಂಕಿಗಳನ್ನೆಲ್ಲ ಕೊನೆಯಲ್ಲಿ ಇನ್ನೊಮ್ಮೆ ಕೊಡಿ ಎಂದಳು. ಎರಡನೆಯ ದಿನವೂ ಹಾಗೇ ಅಂದಳು. ನಾನು ಹದಿನಾಲ್ಕು ವರ್ಷದ ಆಪರೇಟರ್. ನನ್ನ ಯಂತ್ರದಲ್ಲಿ ಮೂಡುವ ನನ್ನ ಕಾಪಿಯನ್ನು ನಾನು ಓದಿಯೂ ನೋಡಿದವನಲ್ಲ, ಹರಿದು ಮೊಳೆಗೆ ಚುಚ್ಚುತ್ತಿದ್ದೆ, ಅಷ್ಟು ಭರವಸೆ. ಅಂಥವನಿಗೆ ಕುಂದಾಪುರದ ಕಡೆಯ ಹೋಟೆಲಿನವರ ಮಗಳು ಎರಡೆರಡು ಸಲ ಕೇಳುವುದೇ? ನನ್ನ ಮೇಲೆ ಮ್ಯಾನೇಜರ್ ಸಾಹೇಬರಿಗೆ ಒಂದು ಪತ್ರವನ್ನೂ ಬರೆದಿದ್ದಳು. ನಾನು ಮಾತಿನ ನಡುವೆ ಲೈನ್ ಕತ್ತರಿಸುತ್ತೇನೆ ಎಂದು. ಕತ್ತರಿಸುತ್ತಿದ್ದೆ, ನಿಜ.

ಜಗಳಕ್ಕೆ ಒಂದು ಅನುಕೂಲವಿತ್ತು. ಇಬ್ಬರಿಗೂ ಕನ್ನಡ ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿದರೆ ನಾಸಿಕ್‌ನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಎಪ್ಪತ್ನಾಲ್ಕರ ಅಕ್ಟೋಬರ್ ಮೂವತ್ತರ ಮಧ್ಯಾಹ್ನ ಮೂರು ಗಂಟೆಗೆ ಮ್ಯಾನೇಜರ್ ಸಾಹೇಬರು ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು, “ಇದು ಇವತ್ತೇ ಹೋಗಬೇಕು” ಎಂದರು. ಮೂವತ್ತೊಂದು ಟೋಕನ್ ನಂಬರುಗಳು, ಹೆಸರಿಲ್ಲ. ಔರಂಗಾಬಾದಿನ ಹಂಗಾಮಿ ಕೆಲಸಗಾರರಲ್ಲಿ ಇನ್ನೂರ ನಲವತ್ತು ದಿನ ತುಂಬಿಸಿದವರು. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಗೇಟಿನ ಮೇಲೆ ನೋಟೀಸು ಬೀಳಬೇಕು. ಅದರಲ್ಲಿ ನಂಬರ್ ಇದ್ದವರು ಕಾಯಂ. ಇಲ್ಲದವರಿಗೆ ಒಂದನೆಯ ತಾರೀಕಿನಿಂದ ಕೆಲಸವಿಲ್ಲ. ಸಾಹೇಬರು ಹಾಳೆಯ ಒಂದು ಪ್ರತಿಯನ್ನು ತಮ್ಮ ಡ್ರಾಯರಿನಲ್ಲಿಟ್ಟುಕೊಂಡು ಹೋದರು.

ನಾನು ಮೊದಲು ಹುಡುಕಿದ್ದು 1807. ಹದಿನೇಳನೆಯದಾಗಿ ಅದು ಇತ್ತು. ನನ್ನ ತಂಗಿ ಕಾಶಿಬಾಯಿಯ ಟೋಕನ್. ಗಂಡ ಸತ್ತ ಮೇಲೆ ಭಾಲ್ಕಿಯಲ್ಲಿ ಮೈದುನರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದವಳನ್ನು ನಾನೇ ಕರೆತಂದು ಔರಂಗಾಬಾದಿನಲ್ಲಿ ಪ್ಯಾಕಿಂಗಿಗೆ ಹಚ್ಚಿದ್ದೆ. ಈ ಸಲ ಕಾಯಂ ಆಗದಿದ್ದರೆ ಮತ್ತೆ ಮೈದುನರ ಬಾಗಿಲು. ಬೇರೆ ದಾರಿ ಇರಲಿಲ್ಲ. ನನ್ನ ಮನೆಯಲ್ಲಿ ಅವಳಿಗೂ ನನ್ನ ಹೆಂಡತಿಗೂ ಎರಡು ದಿನ ಕೂಡಿ ಬರುತ್ತಿರಲಿಲ್ಲ.

ಉದ್ದದ ಪಟ್ಟಿಯನ್ನು ನೇರವಾಗಿ ಲೈನಿನ ಮೇಲೆ ಒತ್ತುವ ಪದ್ಧತಿ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಯಂತ್ರ. ಅದರಲ್ಲಿ ಒತ್ತಿದರೆ ಬೆರಳಗಲದ ಕಾಗದದ ಟೇಪಿನಲ್ಲಿ ತೂತು ಬೀಳುತ್ತವೆ. ಒಂದೊಂದು ಅಕ್ಷರಕ್ಕೆ ಒಂದೊಂದು ಬಗೆಯ ತೂತು, ಅಡ್ಡಕ್ಕೆ ಐದು ಜಾಗ. ಟೇಪು ಸಿದ್ಧವಾದ ಮೇಲೆ ನಂಬರು ತಿರುಗಿಸಿ, ಟೇಪನ್ನು ಟೆಲೆಕ್ಸಿಗೆ ಸಿಕ್ಕಿಸಿದರೆ ಅದೇ ಓಡುತ್ತದೆ, ಆ ಕಡೆ ಅಚ್ಚಾಗುತ್ತದೆ. ಸಂದೇಶದ ಮೊದಲು ‘ಯಾರು’ ಎನ್ನುವ ಒಂದು ಕೀಲಿ ಒತ್ತಬೇಕು. ಆಗ ಆ ಕಡೆಯ ಯಂತ್ರ, ಮುಂದೆ ಮನುಷ್ಯ ಇರಲಿ ಬಿಡಲಿ, ತನ್ನ ಹೆಸರು ತಾನೇ ಹೊಡೆಯುತ್ತದೆ. ಅದು ಬಿದ್ದ ಕಾಗದಕ್ಕೆ ಸಹಿಯ ಬೆಲೆ.

ಹನ್ನೆರಡು ನಂಬರ್ ಟೇಪಿಗೆ ಹೊಡೆದಿದ್ದೆ. ಟೆಲೆಕ್ಸಿನ ಗಂಟೆ ಬಾರಿಸಿತು. ಅವಳೇ.

“ಬೆಳಗ್ಗಿನ ಮೆಸೇಜಲ್ಲಿ ಬ್ಯಾಚ್ ನಂಬರ್ ಎರಡು ಬಗೆ ಬಂದಿದೆ. ಯಾವುದು ಸರಿ?”

“ಎರಡೂ ಸರಿ,” ಎಂದು ಒತ್ತಿದೆ.

“ಹಾಗೆ ಆಗುದಿಲ್ಲ ಮಾರಾಯ್ರೆ. ಒಂದೇ ಬೇಕು.”

“ನಾ ಇಲ್ಲಿ ಟೇಪ್ ಹೊಡಿಲಕತ್ತೀನಿ. ಕುತ್ತಗಿ ಮ್ಯಾಲ ಕೂಡಬ್ಯಾಡ.”

“ನಿಮ್ಮ ಕುತ್ತಿಗೆ ಮೇಲೆ ಕೂರ್ಲಿಕ್ಕೆ ನಂಗೆ ಪಗಾರ ಇಲ್ಲ. ನಂಬರ್ ಕೊಡಿ, ಏಳ್ತೇನೆ.”

ಹುಡುಕಿ ಕೊಟ್ಟೆ. ನನ್ನದೇ ತಪ್ಪಾಗಿತ್ತು, ಅದಕ್ಕೇ ಇನ್ನೂ ಉರಿಯಿತು. ತಿರುಗಿ ಟೇಪಿನ ಯಂತ್ರಕ್ಕೆ ಬಂದು ಕೂತಾಗ ಬೆರಳು ತಾನಾಗಿಯೇ ಆಡಿತು. ಹನ್ನೆರಡನೆಯ ನಂಬರಿನ ಮುಂದೆ ಅವಳಿಗಾಗಿ ಹೊಡೆದೆ: ನಿನ್ನ ಸೊಕ್ಕು ಮುರಿತೀನಿ. ಪಟ್ಟಿಯ ನಡುವೆ ಇದು ಬಿದ್ದರೆ ಅವಳ ಮುಖ ಹೇಗಾಗುತ್ತದೆ ಎಂದು ನಗು ಬಂತು. ಆಮೇಲೆ ನೆನಪಾಯಿತು, ಈ ಪಟ್ಟಿ ಹೋಗುವುದು ಅಲ್ಲಿನ ಪರ್ಸೊನೆಲ್ ಆಫೀಸರ್ ವಿಶ್ವನಾಥಪ್ಪನವರ ಕೈಗೆ. ಅವರು ಆಳಂದದವರು. ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ.

ಟೇಪಿನಲ್ಲಿ ಬಿದ್ದ ತೂತನ್ನು ಮುಚ್ಚಲು ಬರುವುದಿಲ್ಲ. ಹಿಂದಕ್ಕೆ ಸರಿಸಿ, ಅದೇ ಜಾಗದಲ್ಲಿ ಐದಕ್ಕೆ ಐದೂ ತೂತು ಹೊಡೆದರೆ ಅಳಿಸಿದಂತೆ. ಯಂತ್ರ ಅದನ್ನು ಅಚ್ಚೊತ್ತದೆ ದಾಟುತ್ತದೆ. ಇಪ್ಪತ್ತು ಹೆಜ್ಜೆ ಹಿಂದೆ ಸರಿಸಿ ಇಪ್ಪತ್ತು ಸಲ ಐದು ತೂತು ಹೊಡೆದೆ. ಉಳಿದ ಹತ್ತೊಂಬತ್ತು ನಂಬರ್ ಒಂದೇ ಉಸಿರಿಗೆ ಮುಗಿಸಿದೆ.

ನಾಲ್ಕೂಮುಕ್ಕಾಲಿಗೆ ಓಡಿಸಿದೆ. ಟೇಪು ಮುಗಿಯುತ್ತಲೇ ಎದ್ದು ಹೋಗಿ ಸಾಹೇಬರ ಬಾಗಿಲಲ್ಲಿ ನಿಂತು, “ಹೋಯ್ತು ಸಾಹೇಬ್” ಎಂದು ಹೇಳಿ ಬಂದೆ. ಬಂದರೆ ಕಾಗದದ ಮೇಲೆ ಅವಳ ಸಾಲು ಕಾದಿತ್ತು.

“ಹನ್ನೆರಡು ಸರಿ. ಹದಿಮೂರರಿಂದ ಅಂಕಿ ಇಲ್ಲ, ಅಕ್ಷರ ಬಂದಿದೆ. ಮತ್ತೆ ಕಳಿಸಿ.”

ಮತ್ತೆ ಓಡಿಸಿದೆ. ಮತ್ತೆ ಅದೇ ಮಾತು.

“ನಿನ್ನ ಯಂತ್ರ ಕೆಟ್ಟದ. ಮೆಕ್ಯಾನಿಕ್ ಕರಿ.”

“ಈಗ ತಾನೇ ಬಾಂಬೆಯಿಂದ ಎರಡು ಪುಟ ಅಂಕಿ ಬಂತು, ಚೊಕ್ಕ ಉಂಟು. ಕೆಟ್ಟದ್ದು ನಿಮ್ಮ ಟೇಪು. ಹೊಸದು ಹೊಡೆಯಿರಿ.”

“ಮ್ಯಾಲಿನ ಸಾಲಿನ ಅಕ್ಷರ ಯಾವ ಅಂಕಿ ಅಂತ ಯಾವ ಆಪರೇಟರ್‌ಗೂ ಗೊತ್ತಿರ್ತದ. ಕ್ಯೂ ಅಂದ್ರ ಒಂದು, ಡಬ್ಲ್ಯೂ ಅಂದ್ರ ಎರಡು. ಬಿಡಿಸಿ ಬರ್ಕೊ.”

“ಬಿಡಿಸ್ಲಿಕ್ಕೆ ಬರ್ತದೆ. ಬರೆಯುದಿಲ್ಲ. ಕಾಗದದಲ್ಲಿ ಬಂದದ್ದು ಮಾತ್ರ ನಾನು ಕೊಡುದು. ಊಹೆ ಮಾಡಿ ಯಾರದ್ದೋ ಕೆಲಸ ಕಳೀಲಿಕ್ಕೆ ನಾನು ತಯಾರಿಲ್ಲ.”

“ನಿಮ್ಮಪ್ಪನ ಹೋಟೆಲದಾಗ ದೋಸೆ ಎಣಿಸ್ಲಕ್ಕ ಹೋಗು. ಇಲ್ಲಿ ನಿನ್ನ ಕೆಲಸಿಲ್ಲ.”

ಈ ಸಲ ಲೈನ್ ಕತ್ತರಿಸಿದವಳು ಅವಳು. ಗಂಟೆ ಐದೂಕಾಲು. ಮತ್ತೆ ತಿರುಗಿಸಿದೆ. ಎಂಗೇಜ್. ಐದೂವರೆಗೆ ಅವರ ಆಫೀಸು ಮುಚ್ಚುತ್ತದೆ.

ಹೊಸ ಟೇಪು ಹೊಡೆಯಲು ಹತ್ತು ನಿಮಿಷ ಸಾಕಾಗಿತ್ತು. ಹೊಡೆಯಲಿಲ್ಲ. ಅವಳು ಹೇಳಿದಳೆಂದು ಹೊಡೆಯುವುದೇ? ಸಾಹೇಬರಿಗೆ ‘ಹೋಗಿಲ್ಲ’ ಎಂದು ತಿರುಗಿ ಹೇಳಲೂ ಇಲ್ಲ. ಅದೇ ಟೇಪನ್ನು ಅವಳ ಕಣ್ಣೆದುರೇ ಅವಳ ಯಂತ್ರಕ್ಕೆ ಹಾಕಿ, ತಪ್ಪು ಯಾರದು ಎಂದು ವಿಶ್ವನಾಥಪ್ಪನವರಿಗೆ ತೋರಿಸಿ, ತಂಗಿಯ ನಂಬರನ್ನು ಮುಂದೆ ನಿಂತು ಹಚ್ಚಿಸಿ ಬರುತ್ತೇನೆ ಎಂದು ನಿರ್ಧಾರ ಮಾಡಿದೆ. ಟೆಲೆಕ್ಸ್ ಕೋಣೆಗೆ ಬೀಗ ಹಾಕಿ, ಎಂದಿನಂತೆ ಕೀಲಿ ಕಿಸೆಗೆ ಹಾಕಿಕೊಂಡೆ.

ಬೆಳಗಿನ ಐದರ ಎಸ್‌ಟಿ ಬಸ್ಸು ಹಿಡಿದೆ. ಟೇಪಿನ ಸುರುಳಿಯನ್ನು ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಯೇವಲಾದಲ್ಲಿ ಪೈಠಣಿ ಸೀರೆಯ ಗಂಟು ಹೊತ್ತ ಒಬ್ಬ ನೇಕಾರ ಹತ್ತಿ ಪಕ್ಕದಲ್ಲಿ ಕೂತ. ಗಂಟಿನ ಮೂಲೆ ಡಬ್ಬಿಗೆ ತಾಗುತ್ತಿದೆಯೆಂದು ಅವನ ಮೇಲೂ ಕೂಗಾಡಿದೆ. ವೈಜಾಪುರದಲ್ಲಿ ಗಾಡಿ ಅರ್ಧ ಗಂಟೆ ನಿಂತಿತು, ಡ್ರೈವರನ ಮೇಲೂ ರೇಗಿದೆ. ಚಿಕಲ್‌ಠಾಣಾದ ಗೇಟು ಮುಟ್ಟುವಾಗ ಹನ್ನೊಂದು ಹೊಡೆದಿತ್ತು.

ಟೆಲೆಕ್ಸ್ ಮೇಜು ಪರ್ಸೊನೆಲ್ ಆಫೀಸಿನ ಮೂಲೆಯಲ್ಲಿ. ಆಚೆಗೆ ಬರೀ ಪ್ಲೈವುಡ್ಡಿನ ಗೋಡೆ, ಅದರಾಚೆ ಪ್ಯಾಕಿಂಗ್. ಕುಸುಮಾವತಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು, ಇಪ್ಪತ್ತೈದು ದಾಟಿರಲಿಲ್ಲ. ದಪ್ಪ ಕನ್ನಡಕ. ವಿಶ್ವನಾಥಪ್ಪನವರು ಪಕ್ಕದಲ್ಲಿ ನಿಂತಿದ್ದರು.

“ನಾ ವೈಜನಾಥ, ನಾಸಿಕ್,” ಎಂದೆ.

ಅವಳು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಬೆಳಗ್ಗೆ ಒಂಬತ್ತರಿಂದ ನಾಸಿಕ್‌ಗೆ ಗಂಟೆ ಹೊಡೀತಾ ಇದ್ದೇನೆ. ಯಂತ್ರ ಹೆಸರು ಹೇಳ್ತದೆ, ಮನುಷ್ಯ ಇಲ್ಲ. ಮನುಷ್ಯ ಇಲ್ಲಿ ಬಂದು ನಿಂತಿದ್ದಾನೆ!”

“ಟೇಪ್ ತಂದೀನಿ. ಹಾಕು. ಕೆಟ್ಟದ್ದು ಯಾರದು ಅಂತ ಸಾಹೇಬ್ರು ನೋಡ್ಲಿ.”

ಅವಳು ಡಬ್ಬಿ ತೆಗೆದುಕೊಂಡು, ಲೈನು ಬಿಡಿಸಿ, ಟೇಪನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದಳು. ಕಟಕಟ ಎಂದು ಓಡಿತು. ಹನ್ನೆರಡು ನಂಬರ್ ಬಿದ್ದವು. ಆಮೇಲೆ ಯಂತ್ರ ಒಂದು ಗಳಿಗೆ ಏನೂ ಅಚ್ಚೊತ್ತದೆ ಗುಂಯ್‌ಗುಟ್ಟಿತು. ಆಮೇಲೆ ಅಕ್ಷರ. ಸಾಲು ಸಾಲು ಅಕ್ಷರ. ನನ್ನ ತಂಗಿಯ ಜಾಗದಲ್ಲಿ ಕ್ಯೂ, ಐ, ಪಿ, ಯು.

ತಂತಿ ಇಲ್ಲ, ಲೈನ್ ಇಲ್ಲ, ನಾಸಿಕ್ ಇಲ್ಲ. ಟೇಪು ಮತ್ತು ಯಂತ್ರ ಅಷ್ಟೆ.

ಕುಸುಮಾವತಿ ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಗುರಿನಿಂದ ಎಣಿಸಿದಳು. “ಇಪ್ಪತ್ತು ಕಡೆ ಐದೈದು ತೂತು. ಎಂತ ಅಳಿಸಿದ್ದು ನೀವು ಇಲ್ಲಿ?”

ಆ ಕ್ಷಣಕ್ಕೆ ಎಲ್ಲ ತಿಳಿದಿತ್ತು. ಐದು ತೂತಿನ ಕೀಲಿಯೇ ಯಂತ್ರವನ್ನು ಅಕ್ಷರಕ್ಕೆ ತಿರುಗಿಸುವ ಕೀಲಿ. ಎರಡೂ ಒಂದೇ. ಅಕ್ಷರಕ್ಕೂ ಅಂಕಿಗೂ ತೂತು ಅದೇ, ಯಾವುದು ಬೀಳಬೇಕೆಂದು ಹೇಳುವುದು ಈ ಕೀಲಿ. ಅಳಿಸಿದ ಮೇಲೆ ಅಂಕಿಯ ಕೀಲಿಯನ್ನು ಇನ್ನೊಮ್ಮೆ ಒತ್ತಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಅಕ್ಷರವಾಗಿಯೇ ಬೀಳುತ್ತದೆ. ಹೊಸದಾಗಿ ಬಂದವರಿಗೆ ನಾನೇ ಮೊದಲ ವಾರದಲ್ಲಿ ಬೈದು ಕಲಿಸುವ ಪಾಠ ಅದು.

“ಇಪ್ಪತ್ತು ಅಕ್ಷರ,” ಎಂದಳು ಅವಳು. “ನಂಬರ್ ತಪ್ಪಿದ್ರೆ ನಾಲ್ಕು ಅಳಿಸಬೇಕು. ಇಪ್ಪತ್ತು ಅಂದ್ರೆ ಮಾತು. ನಂಗೇ ಅಲ್ವಾ?”

“ಏನ್ ಮಾಡ್ತಿ ತಿಳ್ಕೊಂಡು? ಸಾಹೇಬ್ರೇ, ಹಾಳಿ ನನ್ನ ಬಲ್ಲಿ ಅದ. ನಂಬರ್ ಓದ್ತೀನಿ, ಬರ್ಕೋರಿ.”

ವಿಶ್ವನಾಥಪ್ಪನವರು ನನ್ನ ಕೈಯ ಹಾಳೆಯನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು ಅಷ್ಟೆ. “ವೈಜನಾಥ, 1807 ನಿನ್ನ ತಂಗಿದಲ್ಲೇನಪಾ?”

“ಹೌದ್ರಿ.”

“ನಿನ್ನ ತಂಗಿ ನಂಬರ್ ಇದ್ದ ಪಟ್ಟಿ ನೀನೇ ಟೈಪ್ ಮಾಡ್ದಿ. ನೀನೇ ಕಿಸೆದಾಗ ಇಟ್ಕೊಂಡು ಬಂದಿ. ಇದನ್ನ ನಾ ಗೇಟಿಗೆ ಹಚ್ಚಿದ್ರ ಯೂನಿಯನ್ನಿನವ್ರು ನನಗ ಏನಂತಾರ? ನಾಸಿಕ್ ಯಂತ್ರದ ಹೆಸರು ಬಿದ್ದ ಕಾಗದ ಬೇಕು. ಇಲ್ಲಾ ಅಂದ್ರ ಹನ್ನೆರಡೇ ನಂಬರ್ ಹಚ್ತೀನಿ.”

“ಹಂಗಾದ್ರ ಈಕಿಗಿ ಹೇಳ್ರಿ. ನಾಸಿಕ್‌ಗೆ ತಿರುಗ್ಸಿ ‘ಯಾರು’ ಒತ್ಲಿ. ಯಂತ್ರ ತಾನೇ ಹೆಸರು ಹೇಳ್ತದ. ಅದರ ಕೆಳಗ ಇಲ್ಲೇ ನಂಬರ್ ಹೊಡೆದ್ರಾಯ್ತು. ಯಾರಿಗಿ ತಿಳೀತದ?”

“ನಂಗೆ ತಿಳೀತದೆ,” ಎಂದಳು ಕುಸುಮಾವತಿ. “ಕಳ್ಳ ಕಾಗದ ಮಾಡ್ಲಿಕ್ಕೆ ಹೇಳ್ತಾ ಇದ್ದೀರಿ, ಸಾಹೇಬ್ರ ಎದುರೇ. ಎಷ್ಟು ಧೈರ್ಯ ಮಾರಾಯ್ರೆ ನಿಮ್ದು!”

ಹನ್ನೊಂದೂವರೆಗೆ ಅವಳು ಬೆಳಗ್ಗೆ ಬುಕ್ ಮಾಡಿದ್ದ ಟ್ರಂಕ್ ಕಾಲ್ ಸಿಕ್ಕಿತು. ವಿಶ್ವನಾಥಪ್ಪನವರು ಮರಾಠಿಯಲ್ಲಿ ಕೂಗಿ ಕೂಗಿ ನಮ್ಮ ಮ್ಯಾನೇಜರ್ ಸಾಹೇಬರಿಗೆ ಹೇಳಿದರು: ಪಟ್ಟಿ ಅರ್ಧ ಬಂದಿದೆ, ನಿಮ್ಮ ಪ್ರತಿ ತೆಗೆದುಕೊಂಡು ಟೆಲೆಕ್ಸ್ ಮುಂದೆ ಕೂಡಿರಿ, ಹದಿಮೂರನೆಯದರಿಂದ ನೀವೇ ಒತ್ತಿರಿ. ಆ ಕಡೆಯಿಂದ ಏನು ಬಂತೋ, ಅವರು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು.

“ಕೋಣೆಗಿ ಬೀಗ ಅದ ಅಂತ. ಕೀಲಿ?”

ಕೀಲಿಯನ್ನು ಕಿಸೆಯಿಂದ ತೆಗೆದು ತೋರಿಸಿದೆ. ಕುಸುಮಾವತಿ ನಕ್ಕಳು. ಆ ನಗುವಿಗೆ ಅವಳನ್ನು ಹೊಡೆಯಬೇಕು ಅನ್ನಿಸಿತು.

“ಬೀಗ ಒಡೀರಿ ಸಾಹೇಬ್,” ಎಂದರು ವಿಶ್ವನಾಥಪ್ಪನವರು ಫೋನಿಗೆ.

ಹನ್ನೆರಡಕ್ಕೆ ಹದಿನೇಳು ನಿಮಿಷ ಇರುವಾಗ ಯಂತ್ರದ ಗಂಟೆ ಬಾರಿಸಿತು. ನಾಸಿಕ್. ಅವಳು ‘ಯಾರು’ ಒತ್ತಿದಳು, ನಮ್ಮ ಆಫೀಸಿನ ಹೆಸರು ಬಿತ್ತು. ಅದರ ಕೆಳಗೆ ಒಂದೊಂದೇ ಅಕ್ಷರ, ಹಲ್ಲು ಕೀಳುವ ಹಾಗೆ. ಸಾಹೇಬರು ಒಂದು ಬೆರಳಿನಿಂದ ಒತ್ತುತ್ತಿದ್ದರು. ಮೊದಲು ಬಂದ ಸಾಲು: ವೈಜನಾಥ ಎಲ್ಲಿ?

“ಹೇಳಬ್ಯಾಡ,” ಎಂದೆ. “ಜಡ್ಡು ಅಂತ ಹೇಳು. ನಾ ಇಲ್ಲೇ ಅದೀನಿ ಅಂತ ಹೇಳಬ್ಯಾಡ ತಂಗಿ.”

“ನಿನ್ನೆ ದೋಸೆ ಎಣಿಸ್ಲಿಕ್ಕೆ ಹೋಗು ಅಂದ್ರಿ. ಇವತ್ತು ತಂಗಿಯಾ?” ಎಂದಳು. ಅವಳು ಒತ್ತಿದ್ದನ್ನು ನಾನು ಅವಳ ಭುಜದ ಮೇಲಿನಿಂದ ಓದಿದೆ: ಇಲ್ಲಿದ್ದಾರೆ. ಹದಿಮೂರರಿಂದ ಕಳಿಸಿ.

ಬರತೊಡಗಿತು. ಪ್ರತಿ ಅಂಕಿಯ ನಡುವೆ ನಾಲ್ಕು ಉಸಿರು. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಆಮೇಲೆ ಅಂಕಿ ನಿಂತಿತು. ಸಾಹೇಬರು ಬೇರೆ ಏನೋ ಒತ್ತುತ್ತಿದ್ದರು: ಮುಂದಿನದು 1807, ನನ್ನ ಪ್ರತಿ ಮಸುಕು. ಇದು ಯಾರು?

ವಿಶ್ವನಾಥಪ್ಪನವರು ನನ್ನನ್ನು ನೋಡಿದರು. ನಾನು ಕುಸುಮಾವತಿಯನ್ನು ನೋಡಿದೆ. ವೈಜನಾಥನ ತಂಗಿ ಎಂದು ಅವಳು ಒತ್ತಿದರೆ ಮುಗಿಯಿತು. ಬೀಗ ಒಡೆದ ಸಿಟ್ಟಿನಲ್ಲಿ ಕೂತ ಸಾಹೇಬರು ಆ ನಂಬರನ್ನು ಹಾರಿಸಿಯೇ ಮುಂದೆ ಹೋಗುತ್ತಾರೆ. ಮೂರು ವರ್ಷದ ಲೆಕ್ಕ ತೀರಿಸಲು ಅವಳಿಗೆ ಅದೊಂದು ಸಾಲು ಸಾಕಾಗಿತ್ತು.

ಅವಳು ಹಾಜರಿ ಪುಸ್ತಕ ಎಳೆದುಕೊಂಡು ಪುಟ ತಿರುಗಿಸಿ, ನೋಡಿ ಒತ್ತಿದಳು: ಕಾಶಿಬಾಯಿ, ಪ್ಯಾಕಿಂಗ್, 262 ದಿನ. ಕಳಿಸಿ.

ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು, ಎಂಟು, ಸೊನ್ನೆ, ಏಳು ಒಂದೊಂದಾಗಿ ಬಿದ್ದವು.

ಕೊನೆಯ ನಂಬರ್ ಬಿದ್ದಾಗ ಎರಡು ನಿಮಿಷ ಉಳಿದಿತ್ತು. ಕಾಗದ ಹರಿಯಲು ಕೈ ಹಾಕಿದೆ. ಅವಳು ನನ್ನ ಮಣಿಕಟ್ಟನ್ನು ತಳ್ಳಿದಳು.

“ಹದಿನೆಂಟು ಬಂತು. ಹತ್ತೊಂಬತ್ತು ಬೇಕು.”

“ಸಾಕು! ಹರಿದು ಕೊಡು! ಟೈಮ್ ಆಯ್ತು!”

“ಒಂದು ಹಾರಿ ಹೋಗಿದೆ.”

“ಹಾರ್ಲಿ! ನಮ್ದು ಬಂತಲ್ಲ!”

“ನಿಮ್ದು ಬಂತು,” ಎಂದಳು. ಇಷ್ಟು ಹೊತ್ತು ಏರದಿದ್ದ ಅವಳ ದನಿ ಆಗ ಏರಿತು. “ಬಾಕಿಯವರದ್ದು? ಕೂತ್ಕೊಳ್ಳಿ ಸುಮ್ನೆ! ಇಲ್ಲಾಂದ್ರೆ ಹೊರಗೆ ನಡೀರಿ!”

ವಿಶ್ವನಾಥಪ್ಪನವರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಅವಳು ಹತ್ತೊಂಬತ್ತನ್ನೂ ಇನ್ನೊಮ್ಮೆ ಕೊಡಿ ಎಂದು ಒತ್ತಿದಳು. ಸಾಹೇಬರಿಗೇ! ಅವರು ಒಂದು ಬೆರಳಿನಿಂದ ಮೊದಲಿನಿಂದ ಕೊಟ್ಟರು. ಈ ಸಲ ಇಪ್ಪತ್ತೆರಡನೆಯ ಜಾಗದಲ್ಲಿ ಮೊದಲು ಬರದಿದ್ದ 2031 ಬಿತ್ತು, ಅವಳು ಅದನ್ನು ಗಟ್ಟಿಯಾಗಿ ಓದಿದಳು. ಹನ್ನೆರಡು ಹೊಡೆದು ಹತ್ತು ನಿಮಿಷ ಆಗಿತ್ತು. ವಿಶ್ವನಾಥಪ್ಪನವರು ನಿನ್ನೆಯ ಹನ್ನೆರಡು, ಇವತ್ತಿನ ಹತ್ತೊಂಬತ್ತು, ಎರಡು ಹಾಳೆಗೂ ಸಹಿ ಹಾಕಿ ನೋಟೀಸು ಗೇಟಿಗೆ ಕಳಿಸಿದರು.

ಲೈನು ಬಿಡುವ ಮೊದಲು ನಾಸಿಕ್‌ನಿಂದ ಇನ್ನೊಂದು ಸಾಲು ಬಂತು. ವೈಜನಾಥ ನಾಳೆಯಿಂದ ಗೋಡೌನಿಗೆ ಹಾಜರಾಗತಕ್ಕದ್ದು, ಟೆಲೆಕ್ಸ್ ಕೋಣೆಗೆ ಬರಬಾರದು. ಕುಸುಮಾವತಿ ಅದನ್ನು ಹರಿದು ನನ್ನ ಕೈಗೆ ಕೊಟ್ಟಳು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ಮರುಕವೂ ಇರಲಿಲ್ಲ. ಬಾಂಬೆಯ ಸಂದೇಶ ಬರತೊಡಗಿತ್ತು, ಅದರ ಕಡೆ ತಿರುಗಿದಳು.

ಗೇಟಿನ ಹತ್ತಿರ ಹೆಂಗಸರು ನೋಟೀಸಿಗೆ ಮುತ್ತಿದ್ದರು. ಕಾಶಿಬಾಯಿ ಗುಂಪಿನಿಂದ ಹೊರಗೆ ಬಂದಳು. ತಲೆಗೆ ಕಟ್ಟಿದ ಬಿಳಿ ಬಟ್ಟೆಯಲ್ಲೇ ಇದ್ದಳು.

“ಬಂದದ ನೋಡು ನಿನ್ನ ನಂಬರ್,” ಎಂದೆ. “ಇದಕ್ಕಾಗಿ ನನ್ನ ಸೀಟ್ ಹೋಯ್ತು.”

“ನಿನಗ ಯಾರು ಬಾ ಅಂದ್ರು ಅಣ್ಣಾ?”

“ಏನಂದಿ?”

“ಯಾರು ಬಾ ಅಂದ್ರು ಅಂತ ಕೇಳ್ಲಕತ್ತೀನಿ. ಇನ್ನೂರ ಅರವತ್ತೆರಡು ದಿನ ನಿಂತೀನಿ ನಾ ಆ ಮೇಜಿನ ಮುಂದ. ಕಾಲು ಬಾತು ಹೋಗ್ಯಾವ. ಈಗ ಎಲ್ಲಾರೂ ಏನಂತಾರ ಗೊತ್ತದೇನು? ಅಣ್ಣ ಕಿಸೆದಾಗ ಹಾಕ್ಕೊಂಡು ತಂದಾನ ಅಂತಾರ.”

“ಅನ್ಲಿ ಬಿಡು, ಹಡಬಿಟ್ಟಿ ಮಂದಿ. ಕೆಲಸ ಸಿಕ್ತಲ್ಲ?”

“ಗ್ವಾಡಿ ಆಚಿಕಡಿ ನಾವೆಲ್ಲಾ ಕೇಳ್ಸಿಕೊಂಡೀವಿ. ಹಾರ್ಲಿ, ನಮ್ದು ಬಂತಲ್ಲ ಅಂದಿ.” ಅವಳು ಗುಂಪಿನ ಕಡೆ ಗಲ್ಲ ಎತ್ತಿ ತೋರಿಸಿದಳು. “ಹಾರಿದ್ದು ಯಾರದಂತ ಗೊತ್ತದೇನು ನಿನಗ? ರುಕ್ಮಿಣಿಬಾಯಿದು. ನನ್ನ ಬಾಜೂದಾಗ ನಿಂದಿರ್ತಾಳ. ನಾ ಜ್ವರ ಬಂದು ಬಿದ್ದಾಗ ನನ್ನ ಪಾಲಿನ ಡಬ್ಬಿನೂ ಆಕೀನೇ ತುಂಬ್ಯಾಳ. ನಾ ಆಕಿ ಮುಖ ಹ್ಯಾಂಗ ನೋಡ್ಲಿ?”

ಗುಂಪಿನಲ್ಲಿ ಒಬ್ಬ ಎತ್ತರದ ಹೆಂಗಸು ನಮ್ಮ ಕಡೆ ನೋಡುತ್ತಿದ್ದಳು. ಬಾಯಿಗೆ ಬಂದದ್ದು ಬೈಗುಳ, ಅದನ್ನು ನುಂಗಿದೆ.

ಊಟದ ಗಂಟೆ ಮುಗಿದು ಸೈರನ್ ಕೂಗಿತು. ಕಾಶಿಬಾಯಿ ನನಗೆ ಉಂಡು ಹೋಗು ಅನ್ನಲಿಲ್ಲ. ರುಕ್ಮಿಣಿಬಾಯಿಯ ಹಿಂದೆ, ಎರಡು ಹೆಜ್ಜೆ ಬಿಟ್ಟು ಒಳಗೆ ಹೋದಳು. ನಾಸಿಕ್ ಗಾಡಿ ಎಷ್ಟೊತ್ತಿಗೆ ಎಂದು ನಾನು ಗೇಟಿನ ಕಾವಲುಗಾರನನ್ನು ಕೇಳಿದೆ. ಅವನು ಸ್ಟ್ಯಾಂಡಿನಲ್ಲಿ ಕೇಳು ಎಂದ.